ತೊಳೆಯುವ ಫಿಲ್ಟರೋ, ಎಸೆಯುವ ಫಿಲ್ಟರೋ?

ಹೀರೋ ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ ಬಿಚ್ಚಿ ನೋಡಿದರೆ ಕಾಗದದ ಆಯಿಲ್ ಫಿಲ್ಟರ್ ಸಿಗುವುದೇ ಇಲ್ಲ. ಅಲ್ಲಿರುವುದು ತಂತಿಬಲೆಯ ಒಂದು ಜರಡಿ, ಜೊತೆಗೆ ಕ್ರ್ಯಾಂಕ್ ತುದಿಯಲ್ಲಿ ಗಿರ್ರನೆ ತಿರುಗುವ ಬಟ್ಟಲು. ಆ ವೇಗಕ್ಕೆ ಆಯಿಲ್‌ನೊಳಗಿನ ಭಾರದ ಕಣಗಳು ಬಟ್ಟಲಿನ ಗೋಡೆಗೆ ಮೆತ್ತಿಕೊಳ್ಳುತ್ತವೆ. ಎರಡನ್ನೂ ತೊಳೆದು ಮತ್ತೆ ಬಳಸಬಹುದು.

ಆದರೆ ತೊಳೆಯಬೇಕು! ಬಟ್ಟಲು ಸಿಗಬೇಕಾದರೆ ಬಲಬದಿಯ ಎಂಜಿನ್ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು. ಆಯಿಲ್ ಮಾತ್ರ ಬದಲಿಸಿದರೆ ಕೆಸರು ಒಳಗೇ ಉಳಿಯುತ್ತದೆ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು ಬೇರೆ ಲೆಕ್ಕ. ಅದರಲ್ಲಿ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್. ಪೆಟ್ರೋಲಿನಲ್ಲಿ ಅದ್ದಿ ತೆಗೆದರೆ ಹೊರಗಿನ ಕೊಳೆ ಹೋಗಬಹುದು, ನಾರಿನ ನಡುವೆ ಸಿಕ್ಕ ಸಣ್ಣ ಕಣ ಹೋಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಅನೇಕ ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ, ಸೋಸದ ಆಯಿಲ್ಲೇ ಬೇರಿಂಗ್‌ಗೆ ಹರಿಯುತ್ತದೆ.

ಕಾಗದದ ಬದಲಿಗೆ ಹಾಕುವ ಸ್ಟೀಲ್ ಜಾಲರಿಯ ಫಿಲ್ಟರ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಸಿಕ್ಕ ಲೋಹದ ಚೂರು ಕಣ್ಣಿಗೆ ಬೀಳುತ್ತದೆ, ಎಂಜಿನ್ ಸವೆತದ ಸುಳಿವು ಬೇಗ ಸಿಗುತ್ತದೆ. ಪ್ರತಿ ಆಯಿಲ್ ಬದಲಾವಣೆಗೂ ಸೀಮೆಎಣ್ಣೆ, ಮೆತ್ತನೆಯ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಒಂದು ಕಡೆ ಜಾಲರಿ ಹರಿದಿದ್ದರೂ ಅದು ಗುಜರಿಗೆ. ಗಟ್ಟಿಯಾದ ಓ-ರಿಂಗ್ ಮತ್ತೆ ಹಾಕಬಾರದು.

ದಿನನಿತ್ಯ ಓಡಾಡುವವರಿಗೆ ಕಂಪನಿ ಹೇಳಿದ ಕಾಗದದ ಫಿಲ್ಟರನ್ನೇ ಹೇಳಿದ ಕಿಲೋಮೀಟರಿಗೆ ಬದಲಿಸುವುದು ಲೇಸು. ಸ್ಟೀಲ್ ಜಾಲರಿ, ತಪ್ಪದೆ ತೊಳೆಯುವ ತಾಳ್ಮೆ ಇರುವವರಿಗೆ. ಯಾವುದೇ ಇರಲಿ, ಹಳೆಯ ಆಯಿಲ್ ಚರಂಡಿಗೆ ಸುರಿಯಬೇಡಿ. ಅದನ್ನು ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.