ತಂಗಡಿ: ನೀರು ಬೇಡದ ಬಂಗಾರದ ಹೂ

ಚಿತ್ರದುರ್ಗ, ಬಳ್ಳಾರಿ ಕಡೆ ರಸ್ತೆ ಪಕ್ಕ ಮೈತುಂಬ ಹಳದಿ ಹೂ ಬಿಟ್ಟ ಪೊದೆ ನೋಡಿರ್ತೀರಿ. ಅದೇ ತಂಗಡಿ, ಕೆಲವರಿಗೆ ಆವರಿಕೆ. ಪಕ್ಕದ ತೆಲಂಗಾಣದಲ್ಲಿ ಇದು ರಾಜ್ಯಪುಷ್ಪ, ಬತುಕಮ್ಮ ಹಬ್ಬದ ಹೂ. ನಾವು ಮಾತ್ರ ಬೇಲಿಯಾಚೆಗೇ ಬಿಟ್ಟಿದ್ದೇವೆ!

ನರ್ಸರಿ ಸುತ್ತಬೇಡಿ, ಬೀಜದಿಂದಲೇ ಬೆಳೆಸಿ. ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕಾಯಿ ಬಿಡಿಸಿ. ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೇ ಬಿತ್ತಿದರೆ ಬೇಗ ಮೊಳೆಯೋದಿಲ್ಲ. ಕುದಿಸಿ ಕೆಳಗಿಳಿಸಿದ ನೀರು ಸುರಿದು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ. ಉಬ್ಬದವಕ್ಕೆ ಇನ್ನೊಮ್ಮೆ ಬಿಸಿನೀರು.

ತಾಯಿಬೇರು ಆಳಕ್ಕಿಳಿಯುವ ಗಿಡ ಇದು. ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಬದುಕೋದು ಕಷ್ಟ. ಮಳೆ ಶುರುವಾದಾಗ, ಬಿಸಿಲು ಬೀಳುವ ಜಾಗದಲ್ಲಿ ನೇರವಾಗಿ ಬಿತ್ತೋದೇ ಒಳ್ಳೇದು. ಕೆಂಪು ಮಣ್ಣು, ಗರಸು, ಯಾವುದಾದರೂ ಸರಿ. ನೀರು ಮಾತ್ರ ನಿಲ್ಲಬಾರದು.

ಮೊದಲ ಬೇಸಿಗೆಯಲ್ಲಿ ಆಗಾಗ ನೀರು ಕೊಡಿ. ಆಮೇಲೆ ಕೈ ಕಟ್ಟಿ ಕೂತ್ಕೊಳ್ಳಿ. ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತೆ. ಹೂ ಮುಗಿದ ಮೇಲೆ ತುದಿ ಕತ್ತರಿಸಿ, ಪೊದೆ ದಟ್ಟವಾಗುತ್ತೆ.

ಈ ಹೂವಲ್ಲಿ ಮಕರಂದ ಇಲ್ಲ. ಜೇನು, ದುಂಬಿ ಬರೋದು ಪರಾಗಕ್ಕೆ. ದುಂಬಿ ಹೂವನ್ನು ತಬ್ಬಿ ಝೇಂಕರಿಸಿದರೆ, ಆ ಕಂಪನಕ್ಕೆ ಪರಾಗ ಉದುರುತ್ತೆ. ಕಿವಿಗೊಟ್ಟು ಕೇಳಿ!

ಎಲೆ ಮೇಲೆ ಹಸಿರು ಹುಳು ಕಂಡರೆ ಔಷಧಿ ಹೊಡೀಬೇಡಿ. ಅದು ಚಿಟ್ಟೆಯ ಮರಿ ಇರಬಹುದು.