ನಕ್ಷೆಯಲ್ಲಿ ನಮ್ಮ ತುರ್ಭೆ: ಓರೆಯಾದ ಕಟ್ಟಡವನ್ನು ನೇರಗೊಳಿಸುವ ಬಗೆ

ಠಾಣೆ-ವಾಶಿ ರೈಲು ಮಾರ್ಗದ ತುರ್ಭೆ ನಿಲ್ದಾಣದಲ್ಲಿ ಇಳಿದ ಊರಿನ ಬಂಧುವೊಬ್ಬರು ಕೈಯಲ್ಲಿನ ಮೊಬೈಲ್ ನಕ್ಷೆಯನ್ನು ನಂಬಿ ನಡೆದು, ನಮ್ಮ ಕಟ್ಟಡದ ಹಿಂಭಾಗದ ಗೋಡೆಯೆದುರು ನಿಂತು ಕರೆ ಮಾಡುವುದು ನಮ್ಮಲ್ಲಿ ಅನೇಕರಿಗೆ ಪರಿಚಿತ ಸಂಗತಿ. ನೆಂಟರಾದರೆ ನಕ್ಕು ಸುಮ್ಮನಾಗಬಹುದು. ರಾತ್ರಿಯ ವೇಳೆ ಆಂಬುಲೆನ್ಸ್ ಹೀಗೆ ದಾರಿ ತಪ್ಪಿದರೆ ನಗುವಂತಿಲ್ಲ. ನಕ್ಷೆಯಲ್ಲಿನ ಇಂತಹ ತಪ್ಪನ್ನು ತಿದ್ದಲು ನಮಗೂ ಅವಕಾಶವಿದೆ ಎಂಬುದು ಸಮಾಧಾನದ ವಿಷಯ.

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಜಾಗತಿಕ ನಕ್ಷೆ. ಉಪಗ್ರಹ ಚಿತ್ರವನ್ನು ಹಿನ್ನೆಲೆಯಲ್ಲಿಟ್ಟು ಅದರ ಮೇಲೆ ರಸ್ತೆ, ಕಟ್ಟಡಗಳನ್ನು ಬರೆಯುವುದು ಇದರ ಕ್ರಮ. ಪ್ರತಿಯೊಂದು ಕಟ್ಟಡವೂ ಮೂಲೆಗಳೆಂಬ ಬಿಂದುಗಳಿಂದಾದ ಒಂದು ಆಕೃತಿ. ಕಟ್ಟಡವನ್ನು ತಿರುಗಿಸುವುದೆಂದರೆ ನಡುಬಿಂದುವನ್ನು ಸ್ಥಿರವಾಗಿಟ್ಟು ಎಲ್ಲ ಮೂಲೆಗಳನ್ನೂ ಒಂದೇ ಕೋನದಷ್ಟು ಸರಿಸುವುದು.

ಸಣ್ಣ ಓರೆಯಿಂದ ಏನಾದೀತು ಎಂದು ಕೇಳಬಹುದು. ತುರ್ಭೆಯ ಎಪಿಎಂಸಿ ಮಾರುಕಟ್ಟೆಯಲ್ಲಿರುವಂತಹ ಉದ್ದನೆಯ ಗಾಳಾಗಳ ಸಾಲೊಂದನ್ನು ಊಹಿಸಿಕೊಳ್ಳೋಣ. ಸಾಲಿನ ಉದ್ದ 60 ಮೀಟರ್ ಇದ್ದು, ನಕ್ಷೆಯಲ್ಲಿ ಅದು 10 ಡಿಗ್ರಿ ಓರೆಯಾಗಿದ್ದರೆ ಎರಡೂ ತುದಿಗಳು ನಿಜಸ್ಥಾನದಿಂದ ಸುಮಾರು 5 ಮೀಟರ್ ದೂರ ಸರಿದಿರುತ್ತವೆ. ಕಿರಿದಾದ ಓಣಿಯಲ್ಲಿ ಅಷ್ಟು ಸಾಕು. ಕಟ್ಟಡ ರಸ್ತೆಯ ಮೇಲೆಯೇ ಬಂದು ಕುಳಿತಂತೆ ಕಾಣುತ್ತದೆ.

ತಿದ್ದುವ ಮೊದಲು ತಪ್ಪು ಯಾವ ಬಗೆಯದೆಂದು ಗುರುತಿಸಬೇಕು. ಬಡಾವಣೆಯ ಎಲ್ಲ ಕಟ್ಟಡಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಂತಿದ್ದರೆ ದೋಷ ಹಿನ್ನೆಲೆ ಚಿತ್ರದ್ದಿರಬಹುದು. ಆಗ ಕಟ್ಟಡಗಳನ್ನು ಮುಟ್ಟದೆ, ಹಲವು ಬಾರಿ ನಡೆದು ದಾಖಲಿಸಿದ ಜಿಪಿಎಸ್ ಜಾಡುಗಳಿಗೆ ಆ ಚಿತ್ರವನ್ನೇ ಹೊಂದಿಸಬೇಕು. ಎತ್ತರದ ಕಟ್ಟಡಗಳು ಉಪಗ್ರಹ ಚಿತ್ರದಲ್ಲಿ ವಾಲಿದಂತೆ ತೋರುತ್ತವೆ. ಅಲ್ಲಿ ತಾರಸಿಯ ಆಕಾರವನ್ನು ಬರೆದು, ಅದನ್ನು ತಿರುಗಿಸದೆ ಬುಡದ ಜಾಗಕ್ಕೆ ಸರಿಸಬೇಕು.

ಆಕಾರ ಸರಿಯಿದ್ದು ದಿಕ್ಕು ಮಾತ್ರ ತಪ್ಪಿದ್ದರೆ ತಿರುಗಿಸಬೇಕು. ಇದರಿಂದ ಗೋಡೆಗಳ ಉದ್ದವಾಗಲಿ ಮೂಲೆಗಳ ಕೋನವಾಗಲಿ ಬದಲಾಗುವುದಿಲ್ಲ. ದಿಕ್ಕು ಸರಿಯಿದ್ದು ಮೂಲೆಗಳು ಸೊಟ್ಟಗಿದ್ದರೆ ಅವನ್ನು ಲಂಬಕೋನಕ್ಕೆ ತರಬೇಕು. ಬ್ರೌಸರಿನಲ್ಲೇ ತೆರೆಯುವ 'ಐಡಿ' ತಂತ್ರಾಂಶದಲ್ಲಿ ಕಟ್ಟಡವನ್ನು ಆರಿಸಿ 'ಆರ್' ಕೀಲಿಯನ್ನು ಒತ್ತಿದರೆ ಅದು ತಿರುಗುತ್ತದೆ, 'ಎಂ' ಒತ್ತಿದರೆ ಸರಿಯುತ್ತದೆ, 'ಕ್ಯೂ' ಒತ್ತಿದರೆ ಮೂಲೆಗಳು 90 ಡಿಗ್ರಿಗೆ ಬರುತ್ತವೆ. ದುಂಡಗಿನ ನೀರಿನ ಟ್ಯಾಂಕಿಗೆ 'ಓ' ಕೀಲಿಯಿದೆ. 'ಜೋಸ್ಮ್' ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿಹಿಡಿದು ಮೌಸ್‌ನಿಂದ ಎಳೆದರೆ ಆಕೃತಿ ತಿರುಗುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಕಟ್ಟಡದ ಮೂಲೆಯು ಪಕ್ಕದ ಕಟ್ಟಡಕ್ಕೋ ರಸ್ತೆಗೋ ಅಂಟಿಕೊಂಡಿದ್ದರೆ, ಒಂದನ್ನು ತಿರುಗಿಸಿದಾಗ ಇನ್ನೊಂದೂ ಎಳೆಯಲ್ಪಟ್ಟು ವಿರೂಪಗೊಳ್ಳುತ್ತದೆ. ಹಾಗೆಯೇ, ಎಲ್ಲ ಕಟ್ಟಡಗಳೂ ಚೌಕವಲ್ಲ. ರಸ್ತೆಯ ತಿರುವಿನಲ್ಲಿ ಕತ್ತರಿಸಿದಂತೆ ಕಟ್ಟಿದ ಮೂಲೆಯನ್ನು ಬಲವಂತವಾಗಿ ಲಂಬಗೊಳಿಸಿದರೆ ಸರಿಯಿದ್ದುದನ್ನೇ ಕೆಡಿಸಿದಂತಾಗುತ್ತದೆ. ಇತರ ಕಂಪೆನಿಗಳ ನಕ್ಷೆಗಳಿಂದ ನಕಲು ಮಾಡುವುದಕ್ಕೂ ಅನುಮತಿಯಿಲ್ಲ.

ಆಕಾರ ಸರಿಯಾದ ಬಳಿಕ ಹೆಸರಿನ ಕಡೆಗೂ ಗಮನ ಹರಿಸೋಣ. ಫಲಕದಲ್ಲಿರುವ ಸ್ಥಳೀಯ ಹೆಸರನ್ನು ಹಾಗೆಯೇ ಉಳಿಸಿ, ಬಹುಭಾಷಾ ಹೆಸರಿನ ಅಂಕಣದಲ್ಲಿ ಕನ್ನಡದ ರೂಪವನ್ನು ಸೇರಿಸಬಹುದು. ಮಹಾರಾಷ್ಟ್ರದ ಮಣ್ಣಿನಲ್ಲಿ ನೆಲೆನಿಂತ ನಮಗೆ ಇದು ಯಾರಿಗೂ ನೋವಾಗದ ಭಾಷಾಸೇವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ನಮ್ಮ ನಮ್ಮ ಮನೆಯ ಕಟ್ಟಡವೊಂದನ್ನೇ ಪರಿಶೀಲಿಸೋಣ. ಬಾಗಿಲು ಯಾವ ದಿಕ್ಕಿಗಿದೆ ಎಂಬುದು ಉಪಗ್ರಹಕ್ಕಿಂತ ನಮಗೇ ಚೆನ್ನಾಗಿ ಗೊತ್ತಲ್ಲವೆ?