ಮೇದೋಜೀರಕಾಂಗದ ಉರಿಯೂತ ಮತ್ತು ರಕ್ತದ ಹೆಪ್ಪು

ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು, ಅದು ಬೆನ್ನಿಗೂ ಹಬ್ಬುವುದು, ಮೇಲಿಂದ ಮೇಲೆ ವಾಂತಿ – ಇವು ಮೇದೋಜೀರಕಾಂಗಕ್ಕೆ ಒಮ್ಮೆಲೇ ಉರಿಯೂತವಾದಾಗ ಕಾಣುವ ಲಕ್ಷಣಗಳು. ಜಠರದ ಹಿಂದಿರುವ ಈ ಅಂಗವನ್ನು ವೈದ್ಯರು ಪ್ಯಾಂಕ್ರಿಯಾಸ್ ಎನ್ನುತ್ತಾರೆ. ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಈ ಬೇನೆಯ ಮುಖ್ಯ ಕಾರಣಗಳೆಂಬುದನ್ನು ಅನೇಕರು ಬಲ್ಲರು. ಆದರೆ ಇದರಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದೆಂಬುದು ಅಷ್ಟಾಗಿ ತಿಳಿದಿಲ್ಲ. ಆ ಬಗೆಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳುಂಟು: ಹರಿವು ಮಂದವಾಗುವುದು, ನಾಳದ ಒಳಗೋಡೆ ಕೆಡುವುದು, ರಕ್ತದಲ್ಲಿ ಹೆಪ್ಪುಗಟ್ಟುವ ಗುಣ ಹೆಚ್ಚುವುದು. 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ಫಿರ್ಕೋ ಅವರ ಹೆಸರಿನಿಂದ ಈ ತ್ರಯವನ್ನು ಕರೆಯುತ್ತಾರೆ. ಈ ಬೇನೆಯಲ್ಲಿ ಮೂರೂ ಒಟ್ಟುಗೂಡುತ್ತವೆ. ರೋಗಿ ಹಾಸಿಗೆ ಹಿಡಿಯುತ್ತಾನೆ. ವಾಂತಿಯಿಂದ ಮೈಯ ನೀರು ಇಳಿಯುತ್ತದೆ. ಉರಿಯೂತ ನೆರೆಯ ನಾಳಗಳಿಗೂ ತಗಲಿ ರಕ್ತದ ಗುಣವನ್ನೂ ಬದಲಿಸುತ್ತದೆ. ಗುಲ್ಮದಿಂದ ರಕ್ತ ತರುವ ನಾಳವು ಮೇದೋಜೀರಕಾಂಗದ ಬೆನ್ನಿಗೇ ಅಂಟಿ ಸಾಗುವುದರಿಂದ ಹೊಟ್ಟೆಯೊಳಗಿನ ಹೆಪ್ಪು ಹೆಚ್ಚಾಗಿ ಅಲ್ಲಿಯೇ. ಯಕೃತ್ತಿಗೂ ಕರುಳಿಗೂ ಸಂಬಂಧಿಸಿದ ನಾಳಗಳಲ್ಲಿಯೂ ಅದು ಆಗಬಹುದು.

ಯಾರಿಗೆ ಅಪಾಯ ಹೆಚ್ಚು? ಬೇನೆ ತೀವ್ರವಾದವರಿಗೆ, ಅಂಗದ ಭಾಗ ಸತ್ತು ಕೊಳೆತವರಿಗೆ, ಸುತ್ತಲೂ ದ್ರವ ತುಂಬಿ ನಾಳಗಳನ್ನು ಒತ್ತುತ್ತಿರುವವರಿಗೆ, ಮದ್ಯದಿಂದ ಬೇನೆ ತಂದುಕೊಂಡವರಿಗೆ. ಕಾಲಿನ ನಾಳದ ಹೆಪ್ಪಿಗೆ ಬೇರೆ ಕಾರಣಗಳೂ ಸೇರುತ್ತವೆ: ತೀವ್ರ ನಿಗಾ ವಿಭಾಗದ ವಾಸ, ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ, ಶಸ್ತ್ರಕ್ರಿಯೆ, ಮುಪ್ಪು, ಬೊಜ್ಜು, ಕ್ಯಾನ್ಸರು, ಹಿಂದೊಮ್ಮೆ ಹೆಪ್ಪುಗಟ್ಟಿದ್ದುದು, ಗರ್ಭನಿರೋಧಕ ಗುಳಿಗೆ. ಈ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಆದ್ದರಿಂದ ಪರೇಲಿನ ಕೆ.ಇ.ಎಂ. ಆಗಲಿ, ಸಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಯಾಗಲಿ, ರೋಗಿಯೊಡನೆ ಹೋದವರು ಈ ಹಿಂದಿನ ವಿವರಗಳನ್ನು ಕೇಳುವ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಮದ್ಯದ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಡಬಾರದು. ಹೆಪ್ಪು ತಡೆಯಲು ಹೆಪಾರಿನ್ ಮುಂತಾದ ಔಷಧಗಳುಂಟು. ಆದರೆ ರಕ್ತಸ್ರಾವದ ಭಯವೂ ಇರುವುದರಿಂದ ಅದನ್ನು ಕೊಡಬೇಕೆ ಬೇಡವೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಇನ್ನೊಂದು ಮಾತು ನಮ್ಮವರಿಗಾಗಿಯೇ. ಆಸ್ಪತ್ರೆಯಿಂದ ಬಿಟ್ಟೊಡನೆ, ವಿಶ್ರಾಂತಿಗೆಂದು ಮಂಗಳೂರು, ಉಡುಪಿ, ಹುಬ್ಬಳ್ಳಿಯ ಕಡೆಗೆ ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಕುಳಿತು ಹೋಗುವುದು ನಮ್ಮಲ್ಲಿ ರೂಢಿ. ಹೆಪ್ಪಿನ ಅಪಾಯ ಬಿಡುಗಡೆಯ ಅನಂತರವೂ ಕೆಲವು ವಾರ ಇರುತ್ತದೆ. ಕಾಲು ಅಲುಗಿಸದ ದೀರ್ಘ ಪ್ರಯಾಣ ಅದನ್ನು ಹೆಚ್ಚಿಸುತ್ತದೆ. ಟಿಕೇಟು ತೆಗೆಯುವ ಮೊದಲು ವೈದ್ಯರನ್ನು ಕೇಳಿರಿ. ಒಂದೇ ಕಾಲು ಊದಿ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಎದೆನೋವು, ರಕ್ತವಾಂತಿ, ಕಪ್ಪು ಮಲ – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.